ಮದ್ಯದ ಬಾಟಲಿಯಿಂದ ಕಾಫಿ ತೋಟದವರೆಗೆ

ಜರ್ಮನಿಯಿಂದ ಅಂಟು ತಯಾರಿಕೆಯ ರಾಸಾಯನಿಕ ತರಿಸಿಕೊಂಡ ಡಚ್ ಸಾಗಣೆ ಕಂಪನಿಯೊಂದಕ್ಕೆ ಶೇ 3ರ ಬದಲು ಶೇ 8ರಷ್ಟು ಸುಂಕ ಬಿತ್ತು. ವಾನ್ ಹೆಂಡ್ ಎನ್ ಲೋಸ್ ಎಂಬ ಆ ಕಂಪನಿ ಯುರೋಪಿನ ಸದಸ್ಯ ದೇಶಗಳ ನಡುವೆ ಸುಂಕ ಏರಿಸಬಾರದೆಂದ 1957ರ ರೋಮ್ ಒಪ್ಪಂದವನ್ನೇ ಹಿಡಿದು ಜಗಳಕ್ಕೆ ನಿಂತಿತು. ಒಪ್ಪಂದ ಸರ್ಕಾರಗಳ ನಡುವಿನದು, ವ್ಯಾಪಾರಿಗೆ ಅದರಲ್ಲೇನು ಕೆಲಸ ಎಂಬುದು ಎದುರು ವಾದ. 1963ರಲ್ಲಿ ಯುರೋಪಿಯನ್ ನ್ಯಾಯಾಲಯ ಅದನ್ನು ತಳ್ಳಿಹಾಕಿ, ವ್ಯಾಪಾರಿಯೂ ತನ್ನ ದೇಶದ ಕೋರ್ಟಿನಲ್ಲೇ ಒಪ್ಪಂದ ಕೊಟ್ಟ ಹಕ್ಕು ಕೇಳಬಹುದೆಂದಿತು. ವಕೀಲರಿಗೆ ಹೊಸ ಕಸುಬು ದಕ್ಕಿತು.

ಆ ಕಸುಬಿಗೆ ಕಳೆ ಬಂದಿದ್ದು 1979ರಲ್ಲಿ. ಫ್ರಾನ್ಸಿನ ಕಪ್ಪು ಕರಂಟ್ ಹಣ್ಣಿನ ಮದ್ಯ ‘ಕಾಸಿಸ್ ದ ದಿಜೋಂ’ನಲ್ಲಿ ಆಲ್ಕೋಹಾಲ್ ಶೇ 15ರಿಂದ 20. ಜರ್ಮನಿಯ ನಿಯಮ ಕೇಳುತ್ತಿದ್ದದ್ದು ಶೇ 25. ಕಡಿಮೆ ಮತ್ತಿನ ಮದ್ಯದಿಂದ ಜನರ ಆರೋಗ್ಯ ಕೆಡುತ್ತದೆಂದು ಸರ್ಕಾರವೊಂದು ಗಂಭೀರವಾಗಿಯೇ ವಾದಿಸಿದ ಅಪರೂಪದ ಪ್ರಕರಣವಿದು! ಆಮದುದಾರ ರೆವೆ ಕಂಪನಿ ಗೆದ್ದಿತು. ಒಂದು ಸದಸ್ಯ ದೇಶದಲ್ಲಿ ಕಾನೂನುಬದ್ಧವಾಗಿ ಮಾರುವ ಸರಕನ್ನು, ಬಲವಾದ ಕಾರಣವಿಲ್ಲದೆ ಇನ್ನೊಂದು ದೇಶ ತಡೆಯುವಂತಿಲ್ಲ ಎಂಬ ತತ್ವ ನೆಲೆಗೊಂಡಿತು.

ಮುಂದೆ ವಕೀಲರು ಈ ಅಸ್ತ್ರವನ್ನು ಸಿಕ್ಕಸಿಕ್ಕಲ್ಲಿ ಪ್ರಯೋಗಿಸಿದರು. ಬ್ರಿಟನ್ನಿನ ಬಿ ಆ್ಯಂಡ್ ಕ್ಯೂ ಮಳಿಗೆಗಳು ಭಾನುವಾರ ಬಾಗಿಲು ಮುಚ್ಚಬೇಕೆಂಬ ನಿಯಮವನ್ನೂ ಆಮದಿಗೆ ಅಡ್ಡಿಯೆಂದು ಪ್ರಶ್ನಿಸಿದವು. 1993ರ ಕೆಕ್ ತೀರ್ಪಿನಲ್ಲಿ ನ್ಯಾಯಾಲಯ ಲಗಾಮು ಎಳೆಯಿತು: ಎಲ್ಲ ವ್ಯಾಪಾರಿಗಳಿಗೂ ಸಮನಾಗಿ ತಟ್ಟುವ ಮಾರಾಟದ ಕ್ರಮಗಳು ಈ ತತ್ವದ ವ್ಯಾಪ್ತಿಗೆ ಬರುವುದಿಲ್ಲ.

ಅಷ್ಟರಲ್ಲಿ ಕಣವೇ ಬದಲಾಗಿತ್ತು. 1992ರ ಅಂತ್ಯದೊಳಗೆ ಒಂದೇ ಮಾರುಕಟ್ಟೆ ಕಟ್ಟಲು ಹೊರಟ ಬ್ರಸೆಲ್ಸ್‌ನ ಯುರೋಪಿಯನ್ ಆಡಳಿತ, ಸುಮಾರು 300 ಕ್ರಮಗಳ ಪಟ್ಟಿಯನ್ನು 1985ರಲ್ಲೇ ಮುಂದಿಟ್ಟಿತ್ತು. ಆಮೇಲೆ ರಾಸಾಯನಿಕಗಳಿಗೆ ‘ರೀಚ್’ ಎಂಬ ನಿಯಮ ಬಂತು. 2018ರಿಂದ ಜಾರಿಯಾದ ದತ್ತಾಂಶ ರಕ್ಷಣಾ ನಿಯಮ ಜಿಡಿಪಿಆರ್, ಜಾಗತಿಕ ವಹಿವಾಟಿನ ಶೇ 4ರವರೆಗೂ ದಂಡದ ಭಯ ತಂದಿತು. ದೇಶದ ನಿಯಮ ಮುರಿಯುವ ದಾರಿ ತೋರಿಸುತ್ತಿದ್ದ ವಕೀಲರ ಮೇಜಿನ ಮೇಲೆ ಈಗ ಯುರೋಪಿಯನ್ ಒಕ್ಕೂಟದ ನಿಯಮ ಪಾಲಿಸುವ ಕಡತಗಳೇ ಹೆಚ್ಚು. ದೊಡ್ಡ ಕಂಪನಿಗಳು ಇದಕ್ಕಾಗಿ ಸ್ವಂತ ವಕೀಲರನ್ನೇ ಇಟ್ಟುಕೊಂಡವು. ಆದರೆ ಸ್ಪರ್ಧಾ ಕಾನೂನಿನ ತನಿಖೆಯಲ್ಲಿ ಸಂಬಳದ ವಕೀಲರೊಂದಿಗಿನ ಪತ್ರವ್ಯವಹಾರಕ್ಕೆ ಗೋಪ್ಯತೆಯ ರಕ್ಷಣೆ ಇಲ್ಲವೆಂದು ಯುರೋಪಿಯನ್ ನ್ಯಾಯಾಲಯದ 2010ರ ಆಕ್ಜೊ ತೀರ್ಪು ಸಾರಿತು. ಹೊರಗಿನ ವಕೀಲರ ಸಂಸ್ಥೆಗಳಿಗೆ ಇದು ಕೇಳದೇ ಬಂದ ವರ.

ಸಣ್ಣವರಿಗೆ 2002ರಿಂದ ‘ಸಾಲ್ವಿಟ್’ ಎಂಬ ಉಚಿತ ಸೇವೆಯಿದೆ. ಅಧಿಕಾರಿಗಳೊಡನೆ ಮಾತಾಡಿ ಗಂಟು ಬಿಡಿಸುತ್ತದೆ. ಆದರೆ ಆದೇಶ ಹೊರಡಿಸುವ ಬಲ ಅದಕ್ಕಿಲ್ಲ.

ಜಾರಿ ಪದೇ ಪದೇ ಮುಂದಕ್ಕೆ ಹೋಗಿರುವ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮ ಯುರೋಪಿಗೆ ಹೋಗುವ ಕೊಡಗಿನ ಕಾಫಿಯನ್ನೂ ಮುಟ್ಟುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಬೆಳೆದದ್ದಲ್ಲ ಎಂಬುದಕ್ಕೆ ತೋಟದ ಅಕ್ಷಾಂಶ-ರೇಖಾಂಶ ಬೇಕು. ನಾಲ್ಕು ಹೆಕ್ಟೇರ್ ಮೀರಿದರೆ ಗಡಿಯ ನಕ್ಷೆಯೇ ಬೇಕು. ಮರಗಳ ನೆರಳಿನ ತೋಟವನ್ನು ನಿಯಮ ಕೃಷಿಭೂಮಿಯೆಂದೇ ಒಪ್ಪುತ್ತದೆ, ಆದರೆ ಉಪಗ್ರಹದ ಚಿತ್ರದಲ್ಲಿ ಅದು ಕಾಡಿನಂತೆ ಕಾಣಬಹುದು. ಜಮೀನಿನ ಹಕ್ಕೂ ಸ್ಥಳೀಯ ಕಾನೂನಿನಂತೆ ನೆಟ್ಟಗಿರಬೇಕು. ಬಾಣೆ, ಜಮ್ಮಾ ಎಂಬ ಕೊಡಗಿನ ಹಳೆಯ ಹಿಡುವಳಿಗಳ ದಾಖಲೆ ಬಿಡಿಸಿ ಹೇಳಲು ಬ್ರಸೆಲ್ಸ್‌ನ ವಕೀಲರಿಗೂ ಮಡಿಕೇರಿಯ ವಕೀಲರೇ ಬೇಕಾದಾರು.