ಹದ್ದಿನ ದಾರಿ, ಗುಡ್ಡದ ಗಾಳಿ

ಮುಂಗಾರಿನ ಪಡುವಣ ಗಾಳಿ ಬಾದಾಮಿಯ ಕೆಂಪು ಬಂಡೆಗೆ ಬಡಿದು, ಮುಂದೆ ಹೋಗಲು ದಾರಿ ಕಾಣದೆ ಮೇಲಕ್ಕೇರುತ್ತದೆ. ಆ ಏರುಗಾಳಿಯಲ್ಲಿ ಹದ್ದು ರೆಕ್ಕೆ ಬಡಿಯದೆ ಕೋಟೆಯಂಚಿನ ಮೇಲೆ ನಿಂತಲ್ಲೇ ನಿಲ್ಲುತ್ತದೆ. ಕವಲು ಬಾಲವಷ್ಟೇ ಆಗೊಮ್ಮೆ ಈಗೊಮ್ಮೆ ಓರೆಯಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಹುನಗುಂದ, ಇಳಕಲ್ಲಿನ ಬಯಲಲ್ಲಿ ಅದರ ವಿದ್ಯೆಯೇ ಬೇರೆ. ಕಾದ ಎರೆ ಹೊಲದಿಂದ ಎದ್ದ ಬಿಸಿಗಾಳಿಯೊಳಗೆ ಸುತ್ತು ಹಾಕುತ್ತ ಅದು ಚುಕ್ಕೆಯಾಗುವಷ್ಟು ಮೇಲೇರುತ್ತದೆ.

ಈ ವಿದ್ಯೆಗೆ ಮೊದಲು ತರ್ಕದ ಚೌಕಟ್ಟು ಹಾಕಿದವರು ಭೌತವಿಜ್ಞಾನಿ ಲಾರ್ಡ್ ರೇಲಿ. ರೆಕ್ಕೆ ಬಡಿಯದ ಹಕ್ಕಿ ಎತ್ತರ ಕಳೆದುಕೊಳ್ಳದಿದ್ದರೆ ಒಂದೋ ಗಾಳಿ ಮೇಲ್ಮುಖವಾಗಿರಬೇಕು, ಇಲ್ಲವೇ ಅದರ ವೇಗ ಎಲ್ಲೆಡೆ ಒಂದೇ ಆಗಿರಬಾರದು ಎಂದು 1883ರಲ್ಲಿ ಅವರು ಬರೆದರು. ಆದರೆ ಆಕಾಶ ನೋಡುತ್ತ ವರ್ಷಗಟ್ಟಲೆ ಟಿಪ್ಪಣಿ ಮಾಡಿದ ಕೆಲಸ ನಮ್ಮ ದೇಶದಲ್ಲೇ ನಡೆಯಿತು. ಆಗ್ರಾದಲ್ಲಿ ಸರ್ಕಾರಿ ರಸಾಯನ ಪರೀಕ್ಷಕರಾಗಿದ್ದ ಅರ್ನೆಸ್ಟ್ ಹ್ಯಾಂಕಿನ್ 1913ರಲ್ಲಿ ಪ್ರಾಣಿಗಳ ಹಾರಾಟದ ಬಗ್ಗೆ ಪುಸ್ತಕವನ್ನೇ ಬರೆದರು. ಬೆಳಗ್ಗೆ ಹಗುರ ಹದ್ದುಗಳು ಮೊದಲು ಮೇಲೇರುತ್ತವೆ, ಭಾರದ ರಣಹದ್ದುಗಳು ಬಿಸಿಲು ಬಲಿಯುವವರೆಗೆ ಕಾಯುತ್ತವೆ ಎಂದು ಅವರು ಗುರುತಿಸಿದ್ದರು. ಅವರು ಕೊಟ್ಟ ಕಾರಣಗಳು ಬಾಳಲಿಲ್ಲ, ಕಂಡದ್ದು ಬಾಳಿತು. ನನಗೆ ಈ ಕ್ಷೇತ್ರದಲ್ಲಿ ಹ್ಯಾಂಕಿನ್ನರಷ್ಟು ಆಪ್ತರು ಬೇರೆ ಯಾರೂ ಇಲ್ಲ.

ಮನುಷ್ಯ ಕಲಿತದ್ದೂ ಇದೇ ಕ್ರಮದಲ್ಲಿ, ಮೊದಲು ಗುಡ್ಡ, ಆಮೇಲೆ ಬಿಸಿಲು. ಜರ್ಮನಿಯ ವಾಸರ್‌ಕುಪ್ಪೆ ಗುಡ್ಡದ ಇಳಿಜಾರಿನ ಗಾಳಿ ಹಿಡಿದು 1922ರಲ್ಲಿ ಎಂಜಿನ್ ಇಲ್ಲದ ವಿಮಾನ, ಗ್ಲೈಡರೊಂದು, ಮೂರು ಗಂಟೆ ತೇಲಿತು. ಆದರೆ ಗುಡ್ಡ ಬಿಟ್ಟು ಹೋಗುವ ಧೈರ್ಯ ಬಂದದ್ದು 1920ರ ದಶಕದ ಕೊನೆಗೆ, ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಎಂದು ತಿಳಿಸುವ ವೇರಿಯೋಮೀಟರನ್ನು ಗ್ಲೈಡರ್ ಚಾಲಕ ರಾಬರ್ಟ್ ಕ್ರಾನ್‌ಫೆಲ್ಡ್ ಬಳಸತೊಡಗಿದ ಮೇಲೆ. ಮುಂದೆ ಹಕ್ಕಿ ಹಾರಾಟದ ಸಂಶೋಧಕ ಕಾಲಿನ್ ಪೆನಿಕ್ವಿಕ್ ಆಫ್ರಿಕದಲ್ಲಿ ಮೋಟಾರ್ ಗ್ಲೈಡರ್ ಏರಿ ರಣಹದ್ದುಗಳ ಜೊತೆಗೇ ಹಾರಿ ಅವುಗಳ ಹಾರಾಟವನ್ನು ಅಳೆದರು.

ಗಾಳಿ ಹೇಗೆ ಎತ್ತುತ್ತದೆ ಎಂಬುದು ಹೀಗೆ ತಿಳಿಯಿತು. ಕಣ್ಣಿಗೆ ಕಾಣದ ಆ ಗಾಳಿ ಹಕ್ಕಿಗೆ ಹೇಗೆ ಗೊತ್ತಾಗುತ್ತದೆ? 2018ರಲ್ಲಿ ಸಂಶೋಧಕ ಗೌತಮ್ ರೆಡ್ಡಿ ಮತ್ತು ಸಂಗಡಿಗರು ಎರಡು ಮೀಟರ್ ರೆಕ್ಕೆಹರವಿನ ಗ್ಲೈಡರಿಗೆ ತಾನಾಗಿ ಬಿಸಿಗಾಳಿಯಲ್ಲಿ ಏರುವುದನ್ನು ಕಲಿಸಿದರು. ಏರುಗಾಳಿ ಹೆಚ್ಚುತ್ತಿದೆಯೇ, ಎಡ ಬಲ ರೆಕ್ಕೆಗಳಲ್ಲಿ ಯಾವುದನ್ನು ಅದು ಹೆಚ್ಚು ಎತ್ತುತ್ತಿದೆ, ಈ ಎರಡು ಸುಳಿವೇ ಅದಕ್ಕೆ ಸಾಕಾದವು. ಗಾಳಿಯನ್ನು ಹಕ್ಕಿ ಎಷ್ಟು ಚೆನ್ನಾಗಿ ಬಳಸುತ್ತದೆ ಎಂದರೆ, ಆ್ಯಂಡೀಸ್ ಪರ್ವತದ ಭಾರಿ ಹಕ್ಕಿ ಕಾಂಡೋರ್ ಹಾರಾಟದ ಹೊತ್ತಿನಲ್ಲಿ ಶೇ. 1ರಷ್ಟು ಮಾತ್ರ ರೆಕ್ಕೆ ಬಡಿಯುತ್ತದೆ. ಒಂದಂತೂ ಒಮ್ಮೆಯೂ ಬಡಿಯದೆ 172 ಕಿ.ಮೀ. ಹೋಯಿತು ಎಂದು 2020ರ ಅಧ್ಯಯನ ತೋರಿಸಿತು.

ಈಗಿನ ಪ್ರಶ್ನೆ ನಮ್ಮ ಸೀಮೆಗೆ ತೀರಾ ಹತ್ತಿರದ್ದು. ಹಕ್ಕಿಗೆ ಬೇಕಾದ ಗುಡ್ಡದಂಚಿನ ಗಾಳಿಯೇ ವಿದ್ಯುತ್ ಗಾಳಿಯಂತ್ರಕ್ಕೂ ಬೇಕು. ಪಕ್ಕದ ಗದಗ ಜಿಲ್ಲೆಯ ಗುಡ್ಡಗಳ ಮೇಲೆ ಅವು ಆಗಲೇ ತಿರುಗುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ತಂಡ ಸಾತಾರಾ ಬಳಿಯ ಚಾಳಕೇವಾಡಿಯಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಂತ್ರಗಳಿರುವಲ್ಲಿ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ; ಅವುಗಳ ಭಯ ತಪ್ಪಿದ್ದರಿಂದ ಓತಿಗಳು ಹೆಚ್ಚಿವೆ. ಗಾಳಿ ವಿದ್ಯುತ್ತು ಬೇಡವೆಂದು ನಾನು ಹೇಳಲಾರೆ. ಆದರೆ ಬಾದಾಮಿಯಿಂದ ಐಹೊಳೆವರೆಗಿನ ಗುಡ್ಡಗಳಲ್ಲಿ ಯಾವ ಅಂಚನ್ನು ಯಾವ ಹಕ್ಕಿ ಯಾವ ತಿಂಗಳು ಬಳಸುತ್ತದೆ ಎಂಬ ಲೆಕ್ಕ ಕಂಬ ನೆಡುವ ಮೊದಲೇ ಆಗಬೇಕು. ನೆಟ್ಟ ಮೇಲೂ ದಾರಿಯಿದೆ: ದಕ್ಷಿಣ ಸ್ಪೇನಿನಲ್ಲಿ ರಣಹದ್ದು ಹತ್ತಿರ ಬಂದಾಗ ಅಪಾಯದ ಯಂತ್ರವನ್ನಷ್ಟೇ ನಿಲ್ಲಿಸಿದ್ದರಿಂದ ಯಂತ್ರಕ್ಕೆ ಬಡಿದು ಆಗುವ ರಣಹದ್ದುಗಳ ಸಾವು ಅರ್ಧಕ್ಕಿಳಿಯಿತು, ವಿದ್ಯುತ್ ನಷ್ಟವಾದದ್ದು ಶೇ. 0.07 ಮಾತ್ರ.