ಕೈ ತಿದ್ದಿದ ಪಿಸ್ತೂಲು

ಎರಡನೇ ಮಹಾಯುದ್ಧದ ಹಾಲಿವುಡ್ ಚಿತ್ರಗಳನ್ನು ನೋಡುವ ಚಟ ಇದ್ದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಅಮೆರಿಕದ ಅಧಿಕಾರಿಯ ಸೊಂಟದಲ್ಲಿ ಚಪ್ಪಟೆಯಾದ, ಭಾರೀ ಪಿಸ್ತೂಲು. ಹೆಸರು ಎಂ ೧೯೧೧. ಜಾನ್ ಬ್ರೌನಿಂಗ್ ಎಂಬ ಮಹಾಶಯ ಒಂದೇ ಏಟಿಗೆ ನಕ್ಷೆ ಬರೆದು ಕೊಟ್ಟ ಅಂತ ನಾನು ಬಹಳ ದಿನ ನಂಬಿಕೊಂಡಿದ್ದೆ. ಹಾಗೇನಿಲ್ಲ. ಆ ಇಸವಿಗೆ ಮುಂಚೆ ಹನ್ನೊಂದು ವರ್ಷ, ಆಮೇಲೆ ಹದಿನೈದು ವರ್ಷ ಅದನ್ನು ತಿದ್ದುತ್ತಲೇ ಇದ್ದರು. ಹೆಚ್ಚಿನ ತಿದ್ದುಪಡಿ ಮಾಡಿಸಿದ್ದು ಅದನ್ನು ಹಿಡಿದವರ ಕೈ!

ಮೊದಲನೆಯದು ೧೯೦೦ರ ಕೋಲ್ಟ್. ನಳಿಗೆಯ ಕೆಳಗೆ ಮುಂದೊಂದು, ಹಿಂದೊಂದು ಕೊಂಡಿ. ಗುಂಡು ಹಾರಿದಾಗ ನಳಿಗೆ ಮತ್ತು ಅದರ ಮೇಲೆ ಜಾರುವ ಉಕ್ಕಿನ ಸ್ಲೈಡ್ ಒಟ್ಟಿಗೆ ಸ್ವಲ್ಪ ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಕೊಂಡಿಗಳು ನಳಿಗೆಯನ್ನು ಕೆಳಗೆಳೆದು ಬಿಡಿಸುತ್ತವೆ. ಸ್ಲೈಡ್ ಒಂಟಿಯಾಗಿ ಹಿಂದೆ ಹೋಗಿ ಖಾಲಿ ತೋಟಾ ಎಸೆದು ಹೊಸದನ್ನು ತರುತ್ತದೆ. ಜಾಣತನವೇ ಸರಿ. ಆದರೆ ಸ್ಲೈಡನ್ನು ತಡೆದು ಹಿಡಿದಿದ್ದುದು ಮುಂದಿನ ಒಂದು ಅಡ್ಡ ಬೆಣೆ. ಅದು ಮುರಿದರೆ ಸ್ಲೈಡ್ ಹಾರುವುದು ಹೊಡೆದವನ ಮುಖಕ್ಕೇ...

ಈ ನಡುವೆ ಫಿಲಿಪೀನ್ಸ್‌ನಲ್ಲಿ ಮೊರೋ ಜನರೊಡನೆ ಕಾದಾಟ. ಸೈನ್ಯದ ಪಾಯಿಂಟ್ ೩೮ ರಿವಾಲ್ವರಿನ ಗುಂಡು ತಿಂದ ಮೇಲೂ ಎದುರಾಳಿ ಕತ್ತಿ ಹಿಡಿದು ನುಗ್ಗಿ ಬರುತ್ತಾನೆ ಎಂಬ ದೂರು. ೧೯೦೪ರಲ್ಲಿ ಥಾಂಪ್ಸನ್, ಲಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ದನಗಳ ಮೇಲೆ, ಶವಗಳ ಮೇಲೆ ಗುಂಡು ಹಾರಿಸಿ ಪರೀಕ್ಷೆ ಮಾಡಿದರು. (ಓದಿದರೆ ಹೊಟ್ಟೆ ತೊಳಸುತ್ತದೆ.) ಪಾಯಿಂಟ್ ೪೫ಕ್ಕಿಂತ ಸಣ್ಣ ಗುಂಡು ಬೇಡ ಎಂದು ವರದಿ ಕೊಟ್ಟರು. ಆ ಪರೀಕ್ಷೆ ಎಷ್ಟು ವೈಜ್ಞಾನಿಕ ಎಂಬ ಜಗಳ ಇನ್ನೂ ಮುಗಿದಿಲ್ಲ, ಆದರೆ ಪಿಸ್ತೂಲಿನ ಹಣೆಬರಹ ಅಲ್ಲಿ ಬರೆದಾಯಿತು.

೧೯೦೫ರಲ್ಲಿ ಪಾಯಿಂಟ್ ೪೫ ಕೋಲ್ಟ್ ಬಂತು. ೧೯೦೯ರಲ್ಲಿ ಮುಂದಿನ ಕೊಂಡಿ ಹೋಗಿ ಹಿಂದಿನದೊಂದೇ ಉಳಿಯಿತು. ಸ್ಲೈಡನ್ನು ಬಿಚ್ಚಬೇಕೆಂದರೆ ಮುಂದಕ್ಕೇ ಎಳೆಯಬೇಕು, ಮುಖಕ್ಕೆ ಹಾರುವ ಭಯ ಅಲ್ಲಿಗೆ ಮುಗಿಯಿತು. ೧೯೧೦ರಲ್ಲಿ ಹಿಡಿಕೆ ಇನ್ನಷ್ಟು ಓರೆಯಾಯಿತು. ಹೆಬ್ಬೆರಳಿಗೆ ಸಿಗುವ ಸೇಫ್ಟಿ ಕೀಲು ಸೇರಿದ್ದೂ ಆಗಲೇ. ಕೇಳಿದ್ದು ಕುದುರೆ ಸೈನ್ಯದವರು. ಒಂದು ಕೈಯಲ್ಲಿ ಲಗಾಮು, ಕೆಳಗೆ ಬೆದರಿದ ಕುದುರೆ, ಇನ್ನೊಂದು ಕೈಯಲ್ಲಿ ಕುದುರೆ ಎಳೆದ ಪಿಸ್ತೂಲು (ಪಿಸ್ತೂಲಿಗೂ ಕುದುರೆ ಇದೆಯಲ್ಲ!). ಊಹಿಸಿಕೊಳ್ಳಿ.

೧೯೧೧ರ ಮಾರ್ಚಿಯಲ್ಲಿ ಆರು ಸಾವಿರ ಗುಂಡುಗಳ ಪರೀಕ್ಷೆ. ಕಾದ ಪಿಸ್ತೂಲನ್ನು ನೀರಿಗದ್ದಿ ತಣಿಸಿ ಮತ್ತೆ ಹೊಡೆಯುವುದು. ಪೈಪೋಟಿಗಿದ್ದ ಸ್ಯಾವೇಜ್ ೩೭ ಸಲ ಮುಗ್ಗರಿಸಿತು, ಕೋಲ್ಟ್ ಒಮ್ಮೆಯೂ ಇಲ್ಲ. ಮಾರ್ಚಿ ೨೯ಕ್ಕೆ ಸೈನ್ಯ ಒಪ್ಪಿಕೊಂಡಿತು.

ಮುಂದೆ ಮೊದಲ ಮಹಾಯುದ್ಧ. ಸಣ್ಣ ಕೈಯವರಿಗೆ ಟ್ರಿಗರ್ ಎಟುಕದು, ಸುತ್ತಿಗೆ ಹೆಬ್ಬೆರಳ ಬುಡದ ಚರ್ಮ ಕಚ್ಚುತ್ತದೆ, ಗುಂಡು ಗುರಿಗಿಂತ ಕೆಳಗೆ ಹೋಗುತ್ತದೆ. ಅದಕ್ಕೇ ಟ್ರಿಗರ್ ಗಿಡ್ಡವಾಯಿತು, ಅದರ ಹಿಂದೆ ಬೆರಳಿಗೊಂದು ತಗ್ಗು ಬಂತು, ಹಿಂದಿನ ಬಾಲ ಉದ್ದವಾಯಿತು, ಹಿಡಿಕೆಯ ಬೆನ್ನು ಉಬ್ಬಿತು. ೧೯೨೬ರಲ್ಲಿ ಎಂ ೧೯೧೧ ಎ೧ ಎಂಬ ಹೆಸರು. ಒಳಗಿನ ಯಂತ್ರ ಮಾತ್ರ ಹೆಚ್ಚೂಕಡಿಮೆ ಹಳೆಯದೇ. ತಮಾಷೆಯೆಂದರೆ ಈಗ ಮಾರಾಟವಾಗುವ ಎಷ್ಟೋ ೧೯೧೧ಗಳಲ್ಲಿ ಬೆನ್ನು ಮತ್ತೆ ಚಪ್ಪಟೆ!

ಅಂದ ಹಾಗೆ, ಎರಡನೇ ಯುದ್ಧದಲ್ಲಿ ಇದನ್ನು ಟೈಪ್‌ರೈಟರಿನ ರೆಮಿಂಗ್ಟನ್ ರ್‍ಯಾಂಡ್ ಕೂಡ ತಯಾರಿಸಿತು. ಸಿಂಗರ್ ಕಂಪನಿ ೫೦೦ ಮಾಡಿತು. ಹೌದು, ನಮ್ಮಜ್ಜಿಯ ಹೊಲಿಗೆ ಯಂತ್ರದ ಮೇಲೆ ಇದ್ದ ಅದೇ ಸಿಂಗರ್. ೧೯೮೫ರಲ್ಲಿ ಇಟಲಿಯ ಬೆರೆಟ್ಟಾ ಆಯ್ಕೆಯಾಗುವವರೆಗೆ ಅಮೆರಿಕನ್ ಸೈನಿಕನ ಪಿಸ್ತೂಲೆಂದರೆ ಇದೇ.

ಬ್ರೌನಿಂಗ್ ತೀರಿಕೊಂಡದ್ದೂ ೧೯೨೬ರಲ್ಲೇ, ಬೆಲ್ಜಿಯಂನ ಲಿಯೇಜ್‌ನಲ್ಲಿ. ಅವನು ಅರ್ಧಕ್ಕೆ ಬಿಟ್ಟ ಇನ್ನೊಂದು ಪಿಸ್ತೂಲನ್ನು ಸೇವ್ ಎಂಬ ಶಿಷ್ಯ ೧೯೩೫ಕ್ಕೆ ಹೈಪವರ್ ಎಂದು ಮುಗಿಸಿದ. ಅದರಲ್ಲಿ ಉಳಿದಿದ್ದ ಒಂದು ಕೊಂಡಿಯೂ ಇಲ್ಲ. ನಳಿಗೆಯ ಬುಡದಲ್ಲಿ ಕೊರೆದ ಓರೆ ದಾರಿಯೇ ಅದನ್ನು ಕೆಳಗಿಳಿಸುತ್ತದೆ. ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ನಮ್ಮ ಸೈನ್ಯಕ್ಕೆ ತಯಾರಾದ ೯ ಎಂಎಂ ೧ಎ ಪಿಸ್ತೂಲು ಇದರದ್ದೇ ಪಡಿಯಚ್ಚು.