ತಾಳಿಕೋಟೆ: ಧರ್ಮ, ನಿಷ್ಠೆ ಮತ್ತು ಕರೆಸಿಕೊಂಡ ಸೈನ್ಯ



ತಾಳಿಕೋಟೆ ಯುದ್ಧ ಏಕೆ ನಡೆಯಿತು ಎಂದು ಕೇಳಿದರೆ ನಿಮ್ಮಲ್ಲಿ ಬಹಳ ಮಂದಿ ಒಂದೇ ವಾಕ್ಯದಲ್ಲಿ ಉತ್ತರಿಸುತ್ತೀರಿ: ದಖ್ಖನಿನ ಸುಲ್ತಾನರು ಧರ್ಮದ ಹೆಸರಿನಲ್ಲಿ ಒಂದಾಗಿ, 1565ರ ಜನವರಿ 23ರಂದು ವಿಜಯನಗರವನ್ನು ಸೋಲಿಸಿದರು. ಪರೀಕ್ಷೆಯಲ್ಲಿ ಇದಕ್ಕೆ ಅಂಕವೂ ಬರಬಹುದು. ಆದರೆ ನಾನು ಓದಿದ್ದು ವಿಜ್ಞಾನ. ಒಂದು ಕಾರಣವನ್ನು ಹೇಳಿದ ಮೇಲೆ ಅದನ್ನು ಒರೆಗೆ ಹಚ್ಚಿ ನೋಡಬೇಕೆಂಬುದು ಪ್ರಯೋಗಶಾಲೆಯ ಮೊದಲ ಪಾಠ. ಧರ್ಮವೊಂದೇ ಕಾರಣವಾಗಿದ್ದರೆ, ಧರ್ಮ ಒಂದೇ ಇದ್ದಲ್ಲೆಲ್ಲ ಸ್ನೇಹವೂ ಬೇರೆ ಇದ್ದಲ್ಲೆಲ್ಲ ವೈರವೂ ಕಾಣಬೇಕಲ್ಲವೇ? ಬನ್ನಿ, ನೋಡೋಣ.

ಮೊದಲು ವಿಜಾಪುರದಿಂದಲೇ ಆರಂಭಿಸೋಣ. ಕಳ್ಳಕವಟಗಿ, ತಿಕೋಟಾ, ಬಬಲೇಶ್ವರದ ಕಡೆಯಿಂದ ಪಟ್ಟಣಕ್ಕೆ ಬರುವವರು ಗಗನ ಮಹಲಿನ ದೊಡ್ಡ ಕಮಾನನ್ನು ನೋಡಿಯೇ ಇರುತ್ತೀರಿ. ಅದನ್ನು 1561ರ ಸುಮಾರಿಗೆ ಕಟ್ಟಿಸಿದವನು ಒಂದನೆಯ ಅಲಿ ಆದಿಲ್‌ಶಾಹ. ಇವನ ತಂದೆ ಒಂದನೆಯ ಇಬ್ರಾಹಿಂ ಸುನ್ನಿ ಪಂಥದವನು. ಇರಾನಿನಿಂದ ಬಂದ ಸರದಾರರಲ್ಲಿ ಹೆಚ್ಚಿನವರನ್ನು ಕೈಬಿಟ್ಟು ಸ್ಥಳೀಯ ದಖ್ಖನಿಗಳನ್ನು ಸೇರಿಸಿಕೊಂಡವನು. ಮಗ ಅಲಿ ಶಿಯಾ ಪಂಥವನ್ನು ಹಿಡಿದ. ಒಂದೇ ಅರಮನೆಯಲ್ಲಿ, ಒಂದೇ ಧರ್ಮದೊಳಗೆ ಇಷ್ಟು ಅಂತರ! ಅಹಮದ್‌ನಗರದ ಹುಸೇನ್ ನಿಜಾಮ್‌ಶಾಹನೂ ಶಿಯಾ. ಆದರೂ ಕಲ್ಯಾಣ ಮತ್ತು ಸೊಲ್ಲಾಪುರದ ಕೋಟೆಗಳಿಗಾಗಿ ಇಬ್ಬರಿಗೂ ಬದ್ಧ ವೈರ.

ಈ ಕೋಟೆಗಳನ್ನು ಮರಳಿ ಪಡೆಯಲು ಅಲಿ ಯಾರ ನೆರವು ಬೇಡಿದ? ವಿಜಯನಗರದ ಅಳಿಯ ರಾಮರಾಯನದು. ರಾಮರಾಯನ ಮಗನೊಬ್ಬ ತೀರಿಕೊಂಡಾಗ ಅಲಿ ಕೆಲವೇ ಸವಾರರೊಡನೆ ವಿಜಯನಗರಕ್ಕೆ ಹೋಗಿ ದುಃಖದಲ್ಲಿ ಭಾಗಿಯಾದ. ರಾಮರಾಯನ ಪತ್ನಿ ಅವನನ್ನು ಮಗನೆಂದು ಕರೆದಳು. ಹೀಗೆಂದು ಬರೆದವನು ಫೆರಿಸ್ತಾ. ಅವನು ಮುಂದೆ ವಿಜಾಪುರದ ಆಸ್ಥಾನದಲ್ಲೇ ಇದ್ದ ಇತಿಹಾಸಕಾರ ಎಂಬುದನ್ನು ನೆನಪಿಡಿ. ಹಿಂದಿರುಗುವಾಗ ರಾಮರಾಯ ತನ್ನನ್ನು ಬೀಳ್ಕೊಡಲು ಬರಲಿಲ್ಲವೆಂದು ಅಲಿಗೆ ಮನಸ್ಸಿನಲ್ಲಿ ನೋವಾಯಿತೆಂದೂ ಅವನೇ ಹೇಳುತ್ತಾನೆ.

ವಿಜಯನಗರದ ಸೈನ್ಯ ಬಂದಿತು. ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾಹನೂ ಜೊತೆಗೂಡಿದ. ಅಹಮದ್‌ನಗರ ಸೋತಿತು. ಕರೆಸಿಕೊಂಡ ಸೈನ್ಯದ ಬಗ್ಗೆ ಅಭಿಪ್ರಾಯ ಬದಲಾದದ್ದು ಇಲ್ಲಿಂದಲೇ. ಆ ಸೈನಿಕರು ಮಸೀದಿಗಳಿಗೆ ಅಪಚಾರ ಮಾಡಿದರೆಂದು ಫೆರಿಸ್ತಾ ದೂರುತ್ತಾನೆ. ಇದನ್ನು ಒಂದು ಪಕ್ಷದ ಮಾತೆಂದು ಎಚ್ಚರದಿಂದಲೇ ಓದಬೇಕು. ಆದರೆ ನೆರವಿಗೆ ಬಂದ ರಾಮರಾಯ ಕೊನೆಗೆ ನೆರವು ಬೇಡಿದವರಿಂದಲೇ ಪ್ರದೇಶಗಳನ್ನು ಪಡೆದನೆಂಬುದೂ ಅದೇ ಗ್ರಂಥದಲ್ಲಿದೆ. ಹೊರಗಿನ ಸೈನ್ಯವನ್ನು ಕರೆಯುವುದು ಸುಲಭ. ಅದರ ಬೆಲೆಯನ್ನು ನಿಗದಿ ಮಾಡುವವರು ಮಾತ್ರ ಕರೆದವರಲ್ಲ.

ಈಗ ಸುಲ್ತಾನರಿಗೆ ಪರಸ್ಪರರಿಗಿಂತ ರಾಮರಾಯನ ಭಯವೇ ಹೆಚ್ಚಾಯಿತು. ಹುಸೇನನ ಮಗಳು ಚಾಂದ್ ಬೀಬಿಯನ್ನು ಅಲಿ ಮದುವೆಯಾದ. ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು. ಅಲಿಯ ತಂಗಿಯನ್ನು ಹುಸೇನನ ಮಗ ವರಿಸಿದ. ಬೀದರಿನ ಬರೀದ್‌ಶಾಹನೂ ಸೇರಿದ. ಆದರೆ ಬೇರಾರ ಸೇರಲಿಲ್ಲ. ಅದೂ ಸುಲ್ತಾನರ ರಾಜ್ಯವೇ ತಾನೆ? ನಮ್ಮ ಒಂದು ವಾಕ್ಯದ ಉತ್ತರ ಇಲ್ಲಿ ಮತ್ತೆ ಎಡವುತ್ತದೆ.

ಕುತುಬ್‌ಶಾಹನ ಸಂಗತಿಯಂತೂ ಇನ್ನೂ ವಿಚಿತ್ರ. ಅಣ್ಣನಿಗೆ ಹೆದರಿ ಓಡಿ ಬಂದ ಅವನಿಗೆ 1543ರಿಂದ 1550ರವರೆಗೆ ಏಳು ವರ್ಷ ಆಶ್ರಯ ಕೊಟ್ಟದ್ದು ವಿಜಯನಗರ. ಉಂಡ ಮನೆಯ ಋಣ ಒಂದು ಕಡೆ, ರಾಜ್ಯದ ಹಿತ ಇನ್ನೊಂದು ಕಡೆ. 1565ರಲ್ಲಿ ಅವನು ರಾಜ್ಯದ ಹಿತವನ್ನೇ ಆರಿಸಿಕೊಂಡ.

ವಿಜಯನಗರದ ಸೈನ್ಯದಲ್ಲೂ ಮುಸ್ಲಿಮರಿದ್ದರು. ಇದೇನೂ ಹೊಸದಲ್ಲ. ಹಂಪಿಯಲ್ಲಿ 1439ರ ಮಸೀದಿಯೊಂದಿದೆ. ಅದನ್ನು ಕಟ್ಟಿಸಿದ ಅಹಮದ್ ಖಾನ್ ಎಂಬ ಸೇವಕ, ತನ್ನ ಒಡೆಯ ಎರಡನೆಯ ದೇವರಾಯನಿಗೆ ಪುಣ್ಯ ಬರಲೆಂದು ಕಟ್ಟಿಸಿದ್ದಾಗಿ ಶಾಸನದಲ್ಲಿ ಬರೆಸಿದ್ದಾನೆ. ನಂಬಿಕೆ ಅವನದು, ನಿಷ್ಠೆ ದೊರೆಗೆ, ಎರಡಕ್ಕೂ ಜಗಳವಿರಲಿಲ್ಲ.

ಹಾಗಾದರೆ ಯುದ್ಧದ ದಿನ ಇಬ್ಬರು ಮುಸ್ಲಿಂ ದಳಪತಿಗಳು ರಾಮರಾಯನಿಗೆ ದ್ರೋಹ ಬಗೆದರೆಂಬ ಮಾತು? ಇದನ್ನು ಹೇಳಿದವನು 1567ರಲ್ಲಿ, ಅಂದರೆ ಯುದ್ಧದ ಎರಡು ವರ್ಷಗಳ ನಂತರ, ವಿಜಯನಗರಕ್ಕೆ ಬಂದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್. ಫೆರಿಸ್ತಾನ ವರ್ಣನೆಯಲ್ಲಿ ನಿರ್ಣಾಯಕವಾಗುವುದು ತಾಮ್ರದ ನಾಣ್ಯಗಳನ್ನು ತುಂಬಿ ಹಾರಿಸಿದ ಫಿರಂಗಿಗಳು ಮತ್ತು ನುಗ್ಗಿ ಬಂದ ಆನೆಗೆ ಹೆದರಿ ರಾಮರಾಯನ ಪಲ್ಲಕ್ಕಿಯನ್ನು ಬಿಟ್ಟು ಓಡಿದ ಬೋಯಿಗಳು. ಎರಡೂ ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡಬೇಕು. ದ್ರೋಹ ನಡೆದಿತ್ತೆಂದೇ ಇಟ್ಟುಕೊಳ್ಳಿ. ಇಬ್ಬರ ನಡತೆಗೆ ಇಡೀ ಸಮುದಾಯವನ್ನು ಹೊಣೆ ಮಾಡುವುದು ಯಾವ ನ್ಯಾಯ?

ಧರ್ಮಕ್ಕೆ ಪಾತ್ರವೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಗೆದ್ದವರು ಗೆಲುವನ್ನು ಧರ್ಮದ ಭಾಷೆಯಲ್ಲೇ ಕೊಂಡಾಡಿದರು. ವಿಜಯನಗರದ ದೇವಾಲಯಗಳು ಹಾಳಾದದ್ದೂ ನಿಜ. ಆದರೆ ಆ ಒಗ್ಗಟ್ಟು ಬಹುಕಾಲ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ವಿಜಾಪುರ, ಅಹಮದ್‌ನಗರಗಳು ಮತ್ತೆ ಕತ್ತಿ ಹಿರಿದವು. ಅಲಿಯ ನಂತರ ಬಂದ ಎರಡನೆಯ ಇಬ್ರಾಹಿಂ ತನ್ನ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ.

ಹಾಗಾಗಿ, ಮಿತ್ರರೇ, ಮುಂದೆ ಯಾವ ಯುದ್ಧದ ಸುದ್ದಿಯನ್ನೇ ಓದಲಿ, ಅದು ಜಗತ್ತಿನ ಯಾವ ಮೂಲೆಯದೇ ಆಗಿರಲಿ, ಮೂರು ಪ್ರಶ್ನೆ ಕೇಳಿಕೊಳ್ಳಿ. ಸೈನ್ಯವನ್ನು ಕರೆದವರು ಯಾರು? ಅದರ ಬೆಲೆ ತೆತ್ತವರು ಯಾರು? ಅದನ್ನು ಧರ್ಮಯುದ್ಧವೆಂದು ಕರೆದವರು ಯಾರು, ಮತ್ತು ಯಾವಾಗ? ಉತ್ತರ ಒಂದು ವಾಕ್ಯದಲ್ಲಿ ಮುಗಿದರೆ, ಇನ್ನೊಮ್ಮೆ ಹುಡುಕಿ.